ಮುಚ್ಚಿದ ಕಿಟಕಿ, ಹಚ್ಚಿದ ಊದಿನಕಡ್ಡಿ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯ ನೇಕಾರ ಓಣಿಯ ಮನೆಗಳಿಗೆ ಕಿಟಕಿಗಳಿವೆ. ಹಗಲೆಲ್ಲ ಮುಚ್ಚಿರುತ್ತವೆ, ಅಷ್ಟೆ. ಕಾರಣ ಕೇಳಿದರೆ ಮಗ್ಗದ ಮುಂದೆ ನಿಂತವರು ಕಣ್ಣು ಎಳೆಯ ಮೇಲಿಟ್ಟುಕೊಂಡೇ ಹೇಳುತ್ತಾರೆ: ‘ಒಣ ಗಾಳಿ ಒಳಗ ಬಂದ್ರ ಎಳಿ ಹರೀತಾವ್ರಿ.’ ಹತ್ತಿಯ ನೂಲಿಗೆ ತೇವ ಬೇಕು. ಗಾಳಿ ಒಣಗಿದಷ್ಟೂ ಎಳೆ ಪಟಪಟನೆ ಹರಿಯುತ್ತದೆ; ಹರಿದ ಪ್ರತಿ ಎಳೆಗೂ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು; ನಿಂತ ಮಗ್ಗ ಕೂಲಿ ಕೊಡುವುದಿಲ್ಲ. ಹೀಗಾಗಿ ರಬಕವಿ-ಬನಹಟ್ಟಿಯ ಮನೆಯೊಳಗಿನ ಗಾಳಿ ಬೇರೆ ಊರಿನ ಮನೆಗಳ ಗಾಳಿಯಂತಲ್ಲ. ಮನೆಯೇ ಕಾರ್ಖಾನೆ, ಕಾರ್ಖಾನೆಯೇ ಮನೆ. ಮುಂದಿನ ಅಂಕಣದಲ್ಲಿ ಮಗ್ಗ, ಅದರ ಬೆನ್ನಿಗೆ ಅಡುಗೆಮನೆ, ನಡುವೆ ಒಂದು ಮಂಚ ಅಥವಾ ತೊಟ್ಟಿಲು.

ನಾನು ಹೊಕ್ಕ ಮನೆಯಲ್ಲಿ ಎರಡು ಪಾವರ್‌ಲೂಮ್‌ ಓಡುತ್ತಿದ್ದವು. ಮಾತು ಕಿವಿಗೆ ಬೀಳಬೇಕಾದರೆ ಬಾಯಿಯನ್ನು ಕಿವಿಯ ಹತ್ತಿರ ತರಬೇಕು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹತ್ತಿಯ ಪಿಂಜು ಮೆಲ್ಲಗೆ ಇಳಿಯುತ್ತಿತ್ತು. ಮಗ್ಗದ ಚೌಕಟ್ಟು, ಗೋಡೆಯ ಗಡಿಯಾರ, ಕಾಡಸಿದ್ಧೇಶ್ವರನ ಪಟ ಎಲ್ಲದರ ಮೇಲೂ ಬೂದು ಬಣ್ಣದ ತೆಳು ಪದರ. ಪಟದ ಕೆಳಗೆ, ಮಗ್ಗದ ಕಟ್ಟಿಗೆಯ ಸಂದಿನಲ್ಲಿ ಮೂರು ಊದಿನಕಡ್ಡಿ ಸಿಕ್ಕಿಸಿದ್ದರು. ಎರಡು ಉರಿದು ಮುಗಿದಿದ್ದವು, ಮೂರನೆಯದು ಅರ್ಧದಲ್ಲಿತ್ತು. ಕಡ್ಡಿಯ ತುದಿಯ ಕೆಂಡದಿಂದ ಗೇಣಿನಷ್ಟು ದೂರದಲ್ಲೇ ಪಿಂಜು ಜಮೆಯಾಗಿತ್ತು. ಕಿಡಿ ಬಿದ್ದರೆ ಏನಾದೀತೆಂಬುದು ನೇಕಾರರಿಗೆ ಗೊತ್ತಿಲ್ಲದ ಸಂಗತಿಯಲ್ಲ.

‘ಮುಂಜಾನೆ ದೇವರಿಗೊಂದು ಹಚ್ಚತೀವ್ರಿ,’ ಎಂದರು ಆ ಮನೆಯ ಹಿರಿಯ ಹೆಣ್ಣುಮಗಳು. ‘ಆಮ್ಯಾಲ ಮಷೀನಿನ ಎಣ್ಣಿ ವಾಸನಿ, ಗಂಜಿ ವಾಸನಿ ಹೋಗ್ಲಿ ಅಂತ ಮತ್ತೆರಡು. ಮನಿ ಘಮ್ಮಂದ್ರ ಸ್ವಚ್ಛ ಅನಸ್ತೈತಿ.’

ಕೆಮ್ಮಿನ ಬಗ್ಗೆ ಕೇಳಿದೆ. ‘ಕೆಮ್ಮು ಮಗ್ಗದವರಿಗೆ ಇರೂದ.’

ಈ ಎರಡು ಮಾತುಗಳ ನಡುವೆಯೇ ನಾನು ಹೇಳಬೇಕೆಂದಿರುವುದೆಲ್ಲ ಇದೆ. ಘಮ ಬಂದರೆ ಗಾಳಿ ಸ್ವಚ್ಛವಾಯಿತೆಂದು ಮೂಗು ಹೇಳುತ್ತದೆ, ನಾವು ನಂಬುತ್ತೇವೆ. ಎಣ್ಣೆಯ ವಾಸನೆಯಾಗಲಿ ಗಂಜಿಯ ವಾಸನೆಯಾಗಲಿ ಊದಿನಕಡ್ಡಿಯಿಂದ ಎಲ್ಲಿಗೂ ಹೋಗಿರುವುದಿಲ್ಲ. ಅವೆಲ್ಲ ಅಲ್ಲೇ ಇವೆ, ಅವುಗಳ ಮೇಲೆ ಹೊಗೆಯೂ ಕೂಡಿದೆ. ಬಂದ ಕೆಮ್ಮನ್ನು ಮಗ್ಗದ ಲೆಕ್ಕಕ್ಕೆ ಬರೆದುಬಿಟ್ಟರೆ ಊದಿನಕಡ್ಡಿಯ ಕಡೆಗೆ ಯಾರೂ ನೋಡುವುದಿಲ್ಲ. ಹತ್ತಿಯ ಧೂಳಿನಿಂದ ಬರುವ ಎದೆಬಿಗಿತಕ್ಕೆ ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. ನೂಲು ತೆಗೆಯುವ ಗಿರಣಿಗಳಲ್ಲಿ ಹೆಚ್ಚು, ನೇಯ್ಗೆಯಲ್ಲಿ ಅದಕ್ಕಿಂತ ಕಡಿಮೆ. ಆದರೆ ಒಮ್ಮೆ ಕೆರಳಿದ ಶ್ವಾಸನಾಳಕ್ಕೆ ಧೂಳು ಯಾವುದು, ಹೊಗೆ ಯಾವುದು ಎಂಬ ಭೇದ ಇರುವುದಿಲ್ಲ.

ಒಂದು ಲೆಕ್ಕವನ್ನು ಆ ಮನೆಯ ಕಟ್ಟೆಯ ಮೇಲೇ ಕೂತು ಹಾಕಿದೆ. ಒಂದು ಗ್ರಾಂ ಸುಗಂಧದ ಮಸಾಲೆ ಉರಿದರೆ ಸರಾಸರಿ 45 ಮಿಲಿಗ್ರಾಂಗಿಂತ ಹೆಚ್ಚು ಸೂಕ್ಷ್ಮ ಕಣ ಹೊರಬರುತ್ತದೆ ಎಂಬುದು ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ಕಾಣುವ ಅಂಕಿ. ಸಿಗರೇಟಿನಲ್ಲಿ ಅದು ಗ್ರಾಮಿಗೆ 10 ಮಿಲಿಗ್ರಾಂ. ಒಂದು ಕಡ್ಡಿಯ ಮಸಾಲೆ ಒಂದು ಗ್ರಾಂ ಎಂದಿಟ್ಟುಕೊಳ್ಳೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಕೋಣೆ ಎಂದರೆ ಸುಮಾರು 25 ಘನ ಮೀಟರ್. ಗಾಳಿ ಆಡದೇ ಹೋದರೆ ಘನ ಮೀಟರಿಗೆ 1,800 ಮೈಕ್ರೋಗ್ರಾಂ ಕಣ. ಇಪ್ಪತ್ತನಾಲ್ಕು ಗಂಟೆಯ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ 15. ನಮ್ಮ ದೇಶದ ಮಿತಿ 60. ಬಾಗಿಲ ಸಂದಿಯಿಂದ ಒಂದಿಷ್ಟು ಹೊರಗೆ ಹೋಗುತ್ತದೆ, ಒಂದಿಷ್ಟು ಗೋಡೆಗೆ ಅಂಟುತ್ತದೆ, ಆದ್ದರಿಂದ ನಿಜದ ಅಂಕಿ ಇದಕ್ಕಿಂತ ಕಡಿಮೆ ಇರುತ್ತದೆ. ಕಡ್ಡಿ ಉರಿಯುವುದೂ ಮುಕ್ಕಾಲು ಗಂಟೆಯ ಒಳಗೆ. ಅದನ್ನೆಲ್ಲ ಕಳೆದರೂ, ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನಕ್ಕೆ ಮೂರ್ನಾಲ್ಕು ಕಡ್ಡಿ ಎಂದರೆ ಸಣ್ಣ ಸಂಗತಿಯಲ್ಲ. ಈ ಕಣಗಳು ಎಷ್ಟು ಚಿಕ್ಕವೆಂದರೆ ಮೂಗಿನ ರೋಮ ಹಿಡಿಯಲಾರದು, ಗಂಟಲಿನ ಲೋಳೆಯೂ ಹಿಡಿಯಲಾರದು. ನೇರವಾಗಿ ಶ್ವಾಸಕೋಶದ ಕೊನೆಯ ಗಾಳಿಚೀಲಗಳಿಗೆ ಇಳಿಯುತ್ತವೆ.

ಸಿಂಗಪುರದಲ್ಲಿ 1993ರಿಂದ 1998ರವರೆಗೆ 61,320 ಚೀನೀ ಮೂಲದ ನಿವಾಸಿಗಳನ್ನು ನೋಂದಾಯಿಸಿಕೊಂಡು, ಅವರ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅವರ ಮನೆಗಳಲ್ಲೂ ದೇವರಿಗೆ ದಿನವೂ ಧೂಪ. 2008ರಲ್ಲಿ ಬಂದ ವರದಿ ಹೇಳಿದ್ದು: ದೀರ್ಘಕಾಲ, ಹೆಚ್ಚು ಹೊತ್ತು ಧೂಪದ ಹೊಗೆಯಲ್ಲಿ ಬದುಕಿದವರಲ್ಲಿ ನಾಲಿಗೆ, ಬಾಯಿ, ಧ್ವನಿಪೆಟ್ಟಿಗೆಯಂಥ ಮೇಲಿನ ಶ್ವಾಸಮಾರ್ಗದ ಕ್ಯಾನ್ಸರ್ ಹೆಚ್ಚು ಕಂಡಿತು. ಶ್ವಾಸಕೋಶದ ಕ್ಯಾನ್ಸರಿನ ಒಟ್ಟು ಲೆಕ್ಕದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಇದನ್ನೂ ಹೇಳಬೇಕು; ಹೆದರಿಸುವುದಕ್ಕಾಗಿ ಅರ್ಧ ಸತ್ಯ ಹೇಳಿದರೆ ಜನ ಉಳಿದರ್ಧವನ್ನು ಕಂಡುಕೊಂಡ ದಿನ ನಮ್ಮನ್ನು ಪೂರ್ತಿ ನಂಬುವುದನ್ನೇ ಬಿಡುತ್ತಾರೆ.

ರಬಕವಿಯ ಪೇಟೆಯಲ್ಲಿ ಊದಿನಕಡ್ಡಿಯನ್ನು ಎರಡು ಬಗೆಯಲ್ಲಿ ಮಾರುತ್ತಾರೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಮೈಸೂರು, ಬೆಂಗಳೂರಿನ ಹೆಸರುಳ್ಳ ಪೆಟ್ಟಿಗೆಗಳು. ರಸ್ತೆಬದಿಯ ಗಾಡಿಯ ಮೇಲೆ ಹೆಸರೇ ಇಲ್ಲದ ಕಟ್ಟುಗಳು. ಗಾಡಿಯವರು ಒಂದು ಕಟ್ಟು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಮಲ್ಲಿಗೆಯ ವಾಸನೆ ಮಲ್ಲಿಗೆಗಿಂತ ಹತ್ತು ಪಟ್ಟು ಗಡುಸಾಗಿ ಬಂತು. ಕಟ್ಟಿನ ಮೇಲೆ ಒಂದು ಹೂವಿನ ಚಿತ್ರ, ಒಂದು ಬೆಲೆ, ಅಷ್ಟೆ. ಒಳಗೇನಿದೆ ಎಂದು ಬರೆದಿಲ್ಲ, ಯಾರು ಮಾಡಿದ್ದೆಂದೂ ಇಲ್ಲ.

ಮಾಡುವ ಬಗೆ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬಿದಿರಿನ ಕಡ್ಡಿಗೆ ಇದ್ದಿಲು ಪುಡಿ, ಕಟ್ಟಿಗೆಯ ಪುಡಿ, ಜಿಗಟಿನ ತೊಗಟೆಯ ಪುಡಿ ಕಲಸಿ ಮೆತ್ತುತ್ತಾರೆ. ಒಣಗಿದ ಕಪ್ಪು ಕಡ್ಡಿಗೆ ವಾಸನೆಯೇ ಇರುವುದಿಲ್ಲ. ಆಮೇಲೆ ಅದನ್ನು ಕೃತಕ ಸುಗಂಧದಲ್ಲಿ ಅದ್ದಿ ತೆಗೆಯುತ್ತಾರೆ. ಆ ಸುಗಂಧವನ್ನು ತೆಳುಮಾಡಲು, ಬೇಗ ಹಾರಿಹೋಗದಂತೆ ಹಿಡಿದಿಡಲು ಡೈಈಥೈಲ್ ಥಾಲೇಟ್ ಎಂಬ ದ್ರವ ಬಳಸುವ ರೂಢಿ ಉದ್ಯಮದಲ್ಲಿದೆ. ಹಳೆಯ ಮಸಾಲೆ ಬತ್ತಿಯ ಕ್ರಮ ಬೇರೆ. ಅದರಲ್ಲಿ ಗಂಧದ ಪುಡಿ, ಬೇರು, ರಾಳಗಳನ್ನು ಹಿಟ್ಟಿಗೇ ಕಲಸುತ್ತಾರೆ. ಅದು ದುಬಾರಿ, ಈ ಪೇಟೆಯಲ್ಲಿ ಅಪರೂಪ. ಆದರೆ ಅದರ ಹೊಗೆಯೂ ಹೊಗೆಯೇ ಎಂಬುದನ್ನು ‘ನ್ಯಾಚುರಲ್’ ಎಂಬ ಅಚ್ಚಿಗೆ ಮರುಳಾಗುವವರು ಗಮನಿಸಬೇಕು.

2025ರ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ಕೇಂದ್ರ ಸಚಿವ ಪ್ರಹ್ಲಾದ ಜೋಶಿ ಊದಿನಕಡ್ಡಿಗೆ ಭಾರತೀಯ ಮಾನಕವೊಂದನ್ನು ಬಿಡುಗಡೆ ಮಾಡಿದರು: ಐಎಸ್ 19412:2025. ಧಾರವಾಡದ ಸಂಸದರ ಕೈಯಿಂದ ಬಂದ ಈ ಕಾಗದಕ್ಕೆ ಬಾಗಲಕೋಟೆ ಜಿಲ್ಲೆ ದೂರವಾಗಬಾರದಿತ್ತು. ಅಲೆಥ್ರಿನ್, ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಫಿಪ್ರೊನಿಲ್‌ನಂಥ ಕೀಟನಾಶಕಗಳನ್ನು ಊದಿನಕಡ್ಡಿಯಲ್ಲಿ ಬಳಸಕೂಡದು ಎನ್ನುತ್ತದೆ ಆ ಮಾನಕ. ಕೆಲವು ಕೃತಕ ಸುಗಂಧ ದ್ರವ್ಯಗಳನ್ನೂ ನಿಷೇಧಿತ ಪಟ್ಟಿಗೆ ಸೇರಿಸಿದೆ. ದೇವರ ಮುಂದೆ ಹಚ್ಚುವ ಕಡ್ಡಿಗೆ ಕೀಟನಾಶಕ ಹಾಕಬೇಡಿ ಎಂದು ಸರ್ಕಾರ ಬರೆದು ಹೇಳಬೇಕಾಯಿತು ಎಂಬುದನ್ನು ಓದುಗರು ಒಂದು ಕ್ಷಣ ಯೋಚಿಸಬೇಕು. ಗಾಡಿಯವರಿಗೆ ಮಾನಕದ ಸುದ್ದಿ ಹೇಳಿದೆ. ಅವರು ಕೇಳಿರಲಿಲ್ಲ. ‘ಗಿರಾಕಿ ವಾಸನಿ ನೋಡತಾನ್ರಿ, ಕಾಗದ ನೋಡಂಗಿಲ್ಲ’ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಸೀರೆಯ ಊರಿಗೆ ಬಂದು ಡಾಂಬರಗುಳಿಗೆಯ ಮಾತಾಡದೇ ಹೋಗುವಂತಿಲ್ಲ. ಸೀರೆ ಅಂಗಡಿಯ ಮೂಲೆಯಲ್ಲಿ, ಮನೆಯ ಟ್ರಂಕಿನಲ್ಲಿ, ಬಚ್ಚಲಿನ ಜಾಲರಿಯ ಮೇಲೆ ಆ ಬಿಳಿ ಗುಂಡುಗಳು. ಹುಳ ಹತ್ತಬಾರದೆಂದು ಇಟ್ಟದ್ದು ಕಾಲಾಂತರದಲ್ಲಿ ಸುವಾಸನೆಯ ವಸ್ತುವೇ ಆಗಿಬಿಟ್ಟಿದೆ. ‘ಹೊಸ ಅರಿವೆ ವಾಸನಿ’ ಎಂದು ಮಕ್ಕಳು ಅದನ್ನು ಮೂಸುತ್ತಾರೆ. ಇದು ನ್ಯಾಫ್ತಲೀನ್, ಘನದಿಂದ ನೇರ ಆವಿಯಾಗುವ ವಸ್ತು. ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವ ಶಿಶುಗಳಿವೆ. ಹೊರನೋಟಕ್ಕೆ ಅದು ಗೊತ್ತಾಗುವುದಿಲ್ಲ. ಅಂಥ ಕೂಸನ್ನು ಡಾಂಬರಗುಳಿಗೆಯ ಜೊತೆ ತಿಂಗಳುಗಟ್ಟಲೆ ಇಟ್ಟಿದ್ದ ಕುಲಾವಿ, ದುಪ್ಪಟಿಯಲ್ಲಿ ಸುತ್ತಿದರೆ ಕೆಂಪುರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಮಿತಿ ಮೀರಿದರೆ ಮಿದುಳಿಗೂ ಹಾನಿ. ಐರೋಪ್ಯ ಒಕ್ಕೂಟ 2008ರಲ್ಲೇ ನ್ಯಾಫ್ತಲೀನ್ ಗುಳಿಗೆಯ ಮಾರಾಟ ನಿಲ್ಲಿಸಿತು. ಇಲ್ಲಿ ಅಜ್ಜಿಯ ಟ್ರಂಕಿನಿಂದ ತೆಗೆದ ಬಟ್ಟೆಯನ್ನು ಕೂಸಿಗೆ ತೊಡಿಸುವ ಮೊದಲು ಒಗೆದು ಬಿಸಿಲಿಗೆ ಹಾಕಿದರೆ ಸಾಕು, ಅಪಾಯದ ಬಹುಪಾಲು ತಪ್ಪುತ್ತದೆ. ಬಿಸಿಲಿಗೆ ಈ ನಾಡಿನಲ್ಲಿ ಬರವಿಲ್ಲ.

ಜಮಖಂಡಿಗೆ ಬಸ್ಸಿನಲ್ಲಿ ಹೋಗುವಾಗ ಚಾಲಕರ ಮುಂದಿನ ದೇವರ ಪಟಕ್ಕೂ ಊದಿನಕಡ್ಡಿ. ಅಲ್ಲಿ ಕಿಟಕಿಗಳು ತೆರೆದಿದ್ದವು, ಗಾಳಿ ಬೀಸುತ್ತಿತ್ತು, ಹೊಗೆ ಹುಟ್ಟಿದಷ್ಟೇ ಬೇಗ ಹೋಗುತ್ತಿತ್ತು. ಪಟವರ್ಧನ ಅರಸರ ಕಾಲದ ಈ ಊರಿನಲ್ಲಿ ರಾಮತೀರ್ಥದ ಗುಡ್ಡ ಹತ್ತಿ ದೇವಸ್ಥಾನದ ಎದುರು ನಿಂತಾಗಲೂ ತೆರೆದ ಗಾಳಿಯ ಮಾತೇ ಮನಸ್ಸಿಗೆ ಬಂತು. ಧೂಪ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಧೂಪಭೋಗಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಆದರೆ ಆ ಧೂಪ ಹಾಕುತ್ತಿದ್ದದ್ದು ಎತ್ತರದ ಕಂಬಗಳ, ತೆರೆದ ಮಂಟಪಗಳ, ವಿಶಾಲ ಅರಮನೆಗಳ ಗಾಳಿಯಲ್ಲಿ. ನಾವು ಅದನ್ನು ಆರ್‌ಸಿಸಿ ಮಾಳಿಗೆಯ, ಒಂದೇ ಬಾಗಿಲಿನ ಕೋಣೆಗೆ ತಂದಿದ್ದೇವೆ. ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳಕಿಂಡಿ ಇರುತ್ತಿತ್ತು, ಹೊಗೆ ಮೇಲಕ್ಕೆ ದಾರಿ ಹುಡುಕಿಕೊಳ್ಳುತ್ತಿತ್ತು. ಮನೆ ಹೊಸದಾಯಿತು, ಬೆಳಕಿಂಡಿ ಹೋಯಿತು, ಧೂಪ ಮಾತ್ರ ಹಾಗೇ ಉಳಿಯಿತು.

ಜಮಖಂಡಿಯಲ್ಲಿ ನಾನು ಮುಖ್ಯವಾಗಿ ನೋಡಬಯಸಿದ್ದು ಬಾಣಂತಿ ಕೋಣೆ. ಪರಿಚಯದವರೊಬ್ಬರ ಮನೆಯಲ್ಲಿ ಹೊಸ ಬಾಣಂತಿ ಇದ್ದರು. ಮಧ್ಯಾಹ್ನ ಕೂಸಿಗೆ ಎಣ್ಣೆ ತೀಡಿ, ಸುಡುಸುಡು ನೀರು ಹಾಕಿ, ಅರಿವೆಯಲ್ಲಿ ಬಿಗಿಯಾಗಿ ಸುತ್ತಿದರು. ಆಮೇಲೆ ಶೆಗಡಿ ಬಂತು. ಕೆಂಡದ ಮೇಲೆ ಲೋಬಾನದ ತುಂಡು, ಒಂದು ಹಿಡಿ ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಬಿಳಿ ಹೊಗೆ ದಟ್ಟವಾಗಿ ಎದ್ದಿತು. ಅಜ್ಜಿ ಕೂಸನ್ನು ಅಂಗಾತ ಹಿಡಿದು ಹೊಗೆಯ ಮೇಲೆ ಆಡಿಸಿದರು. ಒಮ್ಮೆ ಎದೆಗೆ, ಒಮ್ಮೆ ಬೆನ್ನಿಗೆ, ಒಮ್ಮೆ ನೆತ್ತಿಗೆ. ಕೂಸು ಸೀನಿತು. ‘ಶೀತ ಹೊಂಟಿತ ನೋಡ್ರಿ’ ಎಂದರು ಅಜ್ಜಿ. ಬಾಗಿಲು ಮುಚ್ಚಿತ್ತು, ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿತ್ತು. ಬಾಣಂತಿಗೆ ಗಾಳಿ ಸೋಕಬಾರದಲ್ಲ.

ಆ ಅಜ್ಜಿಯ ಕೈಯಲ್ಲಿದ್ದ ಪ್ರೀತಿಯನ್ನು ನಾನು ಕಣ್ಣಾರೆ ಕಂಡೆ. ಅವರು ಬೆಳೆಸಿದ ಮಕ್ಕಳು ಅದೇ ಹೊಗೆಯಲ್ಲಿ ಬೆಳೆದವರು. ಲೋಬಾನ ಈ ಸೀಮೆಯಲ್ಲಿ ದರ್ಗಾಕ್ಕೂ ಸೇರಿದ್ದು, ಮಠಕ್ಕೂ ಸೇರಿದ್ದು, ತೊಟ್ಟಿಲಿಗೂ ಸೇರಿದ್ದು. ಇದನ್ನೆಲ್ಲ ಮೌಢ್ಯ ಎಂದು ಒಂದು ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಕೂಸಿನ ಕಡೆಯಿಂದ ನೋಡಬೇಕು. ದೊಡ್ಡವರು ನಿಮಿಷಕ್ಕೆ ಹದಿನೈದರ ಆಜುಬಾಜು ಉಸಿರಾಡುತ್ತಾರೆ. ನವಜಾತ ಶಿಶು ನಲವತ್ತರಿಂದ ಅರವತ್ತು ಸಲ. ದೇಹದ ತೂಕಕ್ಕೆ ಹೋಲಿಸಿದರೆ ಅದು ನಮಗಿಂತ ಎಷ್ಟೋ ಹೆಚ್ಚು ಗಾಳಿ ಒಳಗೆಳೆದುಕೊಳ್ಳುತ್ತದೆ, ಆ ಗಾಳಿಯಲ್ಲಿರುವುದನ್ನೆಲ್ಲ ಸೇರಿಸಿ. ಶ್ವಾಸಕೋಶ ಇನ್ನೂ ಬೆಳೆಯುತ್ತಿರುವ ಅಂಗ. ಗಾಳಿಚೀಲಗಳು ಹುಟ್ಟಿದ ಮೇಲೂ ವರ್ಷಗಟ್ಟಲೆ ಹೆಚ್ಚುತ್ತವೆ. ಸೀನು ಎಂದರೆ ಶೀತ ಹೋಯಿತೆಂದಲ್ಲ, ಮೂಗು ಒಲ್ಲೆ ಎನ್ನುತ್ತಿದೆ ಎಂದು.

ಶೆಗಡಿಯದು ಇನ್ನೊಂದು ಅಪಾಯ. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೋಬಾನದ ಘಮದ ನಡುವೆ ಅದು ಇದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಉತ್ತರ ಭಾರತದಲ್ಲಿ ಚಳಿಗಾಲದ ರಾತ್ರಿ ಕೋಣೆಯೊಳಗೆ ಕೆಂಡವಿಟ್ಟು ಮಲಗಿದವರು ಏಳದೇ ಹೋದ ಸುದ್ದಿ ವರ್ಷವರ್ಷವೂ ಬರುತ್ತದೆ. ನಮ್ಮ ಬಾಣಂತಿಯರು ತಲೆನೋವು, ತಲೆಸುತ್ತು ಎಂದರೆ ‘ಹಸಿ ಮೈ, ಆಗತೈತಿ’ ಎನ್ನುತ್ತಾರೆ.

ಕರ್ಪೂರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಇಂದು ಪೇಟೆಯಲ್ಲಿ ಸಿಗುವ ಬಹುಪಾಲು ಕರ್ಪೂರ ಮರದಿಂದ ಬಂದದ್ದಲ್ಲ, ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ನೆಗಡಿಗೆಂದು ಅರಿವೆಯಲ್ಲಿ ಕಟ್ಟಿ ಕೂಸಿನ ಕೊರಳಿಗೆ ಹಾಕುವ ರೂಢಿ ಇದೆ. ಒಂದು ಗ್ರಾಮಿನಷ್ಟು ಕರ್ಪೂರ ನುಂಗಿ ಪುಟ್ಟ ಮಕ್ಕಳು ಜೀವ ಕಳೆದುಕೊಂಡ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ. ನುಂಗಿದ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ವಾಂತಿ ಮಾಡಿಸಲು ಹೋಗಬಾರದು, ತಡಮಾಡದೇ ಆಸ್ಪತ್ರೆಗೆ ಓಡಬೇಕು. ಕರ್ಪೂರದ ಡಬ್ಬಿ ಸಕ್ಕರೆ ಡಬ್ಬಿಯ ಪಕ್ಕದಲ್ಲಿರಕೂಡದು. ನಾನು ನೋಡಿದ ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಅದು ದೇವರ ಕಟ್ಟೆಯ ಮೇಲೆ, ತೆವಳುವ ಮಗುವಿನ ಕೈಯಳತೆಯಲ್ಲಿತ್ತು.

ಜಮಖಂಡಿಯಿಂದ ಮುಧೋಳಕ್ಕೆ ಬಂದೆ. ಕವಿ ರನ್ನನ ಸೀಮೆ, ಬೇಟೆನಾಯಿಯ ಊರು, ಈಗ ಸಕ್ಕರೆಯ ಊರು. ಕಬ್ಬು ನುರಿಸುವ ತಿಂಗಳುಗಳಲ್ಲಿ ಗಾಳಿಗೆ ಕಾಕಂಬಿಯ ಹುಳಿವಾಸನೆ. ಕಟಾವಾದ ಹೊಲಗಳಲ್ಲಿ ರವದಿಗೆ ಇಟ್ಟ ಬೆಂಕಿಯ ಕರಿ ಅಂಗಳದ ರಂಗೋಲಿಯ ಮೇಲೆ ಬಂದು ಬೀಳುತ್ತದೆ. ಕಿಟಕಿ ತೆರೆಯಿರಿ ಎಂಬ ಉಪದೇಶ ಇಲ್ಲಿ ಸುಲಭವಲ್ಲ. ಸಂಜೆ ರವದಿ ಸುಡುವ ಹೊತ್ತಿನಲ್ಲಿ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ಕೆಟ್ಟದ್ದು. ಅಂಥ ಹೊತ್ತಿನಲ್ಲಿ ಕಿಟಕಿ ಮುಚ್ಚಲಿ. ಒಳಗೆ ಇನ್ನೊಂದು ಹೊಗೆ ಹಚ್ಚದಿರಲಿ. ಗಾಳಿ ತಿಳಿಯಾದಾಗ ಎದುರುಬದುರಿನ ಬಾಗಿಲು ಕಿಟಕಿ ಎರಡನ್ನೂ ತೆರೆಯಲಿ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಉಕ್ಕಿ ಬಂದಾಗ ಇಲ್ಲಿ ನೀರು ನಿಂತ ಮನೆಗಳಲ್ಲಿ ಒಂದರ ಗೋಡೆಯ ಕೆಳಗಿನ ಮೂರಡಿ ಇನ್ನೂ ತೇವ ಹೀರುತ್ತಲೇ ಇತ್ತು. ಸುಣ್ಣ ಉದುರಿ, ಕಪ್ಪು ಬೂಷ್ಟು ಚುಕ್ಕೆಚುಕ್ಕೆಯಾಗಿ ಹಬ್ಬಿತ್ತು. ಆ ಕೋಣೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿದ ಸುಗಂಧದ ಯಂತ್ರ, ಮೇಜಿನ ಮೇಲೆ ರೂಮ್ ಸ್ಪ್ರೇ. ಹೊಗೆಯಿಲ್ಲದ್ದರಿಂದ ಇವು ಸುರಕ್ಷಿತ ಎಂದು ಮನೆಯ ಹುಡುಗ ನಂಬಿದ್ದ. ಹೊಗೆಯಿಲ್ಲ ಎಂಬ ಮಟ್ಟಿಗೆ ಅವನ ಮಾತು ಸರಿ. ಆದರೆ ನಿಂಬೆ, ಕಿತ್ತಳೆಯ ಪರಿಮಳ ಕೊಡುವ ಲಿಮೊನೀನ್ ಗಾಳಿಯಲ್ಲಿರುವ ಓಝೋನಿನ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಘೋಷಿಸಿದ ವಸ್ತು ಅದು. ಅದಕ್ಕಿಂತ ಮುಖ್ಯವಾಗಿ, ಬೂಷ್ಟಿನ ವಾಸನೆ ಎನ್ನುವುದು ಮನೆ ಕೊಡುತ್ತಿರುವ ಎಚ್ಚರಿಕೆ. ಆ ಹುಡುಗನಿಗೆ ಉಬ್ಬಸವಿತ್ತು. ಸ್ಪ್ರೇಗೆ ಸುರಿಯುವ ಹಣವನ್ನು ಗೋಡೆಯ ಬುಡದ ತೇವ ತಡೆಯಲು ಕೂಡಿಟ್ಟರೆ ಅವನ ಎದೆಗೆ ಹೆಚ್ಚು ಉಪಕಾರ.

ಸುಗಂಧದ ಬಾಟಲಿಯಲ್ಲಿ ಏನಿರಬಹುದೆಂಬುದಕ್ಕೆ 2021ರ ಅಮೆರಿಕದ ಪ್ರಕರಣವೊಂದಿದೆ. ನಾಲ್ಕು ಬೇರೆ ಬೇರೆ ರಾಜ್ಯಗಳ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಎಂಬ ಅಪರೂಪದ ಸೋಂಕು ತಗುಲಿ, ಒಂದು ಮಗುವೂ ಸೇರಿ ಇಬ್ಬರು ಸತ್ತರು. ಅವರಾರೂ ದೇಶ ಬಿಟ್ಟು ಹೋದವರಲ್ಲ. ತಿಂಗಳುಗಳ ಹುಡುಕಾಟದ ನಂತರ ರೋಗಾಣು ಸಿಕ್ಕಿದ್ದು ಮನೆಗೆ ಸಿಂಪಡಿಸುವ ಲ್ಯಾವೆಂಡರ್ ಪರಿಮಳದ ಒಂದು ಬಾಟಲಿಯಲ್ಲಿ. ಅದು ತಯಾರಾದದ್ದು ಭಾರತದಲ್ಲಿ. ಸುಮಾರು 3,900 ಬಾಟಲಿಗಳನ್ನು ಹಿಂದಕ್ಕೆ ಪಡೆದರು. ಅಲ್ಲಿ ಬಾಟಲಿಯ ಹಿಂದೆ ಬಿದ್ದು ಹುಡುಕುವ ವ್ಯವಸ್ಥೆಯಿತ್ತು. ಹೆಸರಿಲ್ಲದ ಕಟ್ಟು ಮಾರುವ ನಮ್ಮ ಗಾಡಿಯಿಂದ ಹಿಂದಕ್ಕೆ ಪಡೆಯುವುದು ಯಾವುದನ್ನು, ಯಾರು?

ಮುಧೋಳದ ಕಬ್ಬಿನ ರೈತರೊಬ್ಬರ ಪಡಸಾಲೆಯಲ್ಲಿ ಕೂತಾಗ ಒಂದು ಸಂಗತಿ ಹೊಳೆಯಿತು. ಮೂಲೆಯಲ್ಲಿ ಔಷಧ ಹೊಡೆಯುವ ಕ್ಯಾನು, ಅದರ ಪಕ್ಕ ಕೀಟನಾಶಕದ ಡಬ್ಬಿ. ಡಬ್ಬಿಯ ಮೇಲಿನ ತ್ರಿಕೋನ ತೋರಿಸಿದೆ. ಅವರು ತಡವರಿಸದೇ ಹೇಳಿದರು: ಕೆಂಪು ಇದ್ದರೆ ಕಡುವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದರೆ ಎಲ್ಲಕ್ಕಿಂತ ಕಡಿಮೆ. 1968ರ ಕೀಟನಾಶಕ ಕಾಯ್ದೆಯ ಕೆಳಗೆ ಬಂದ ಈ ಬಣ್ಣದ ಭಾಷೆ ಹೊಲದಲ್ಲಿ ಚೆನ್ನಾಗಿ ಬೇರೂರಿದೆ. ಆಮೇಲೆ ಮಂಚದ ಕೆಳಗಿದ್ದ ಸೊಳ್ಳೆಬತ್ತಿಯ ಪೆಟ್ಟಿಗೆ ತರಿಸಿ ಹಿಂಬದಿ ತಿರುಗಿಸಿದೆ. ಅಲ್ಲೂ ಅದೇ ತ್ರಿಕೋನ, ಅದೇ ನೋಂದಣಿ ಸಂಖ್ಯೆ, ಮಕ್ಕಳ ಕೈಗೆ ಸಿಗದಂತಿಡಿ ಎಂಬ ಅದೇ ಮಾತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ‘ಇದನ್ನ ಹೊಲದಾಗ ಹೊಡದ್ರ ಬಾಯಿಗೆ ಅರಿವಿ ಕಟ್ಟಕೋತೀನಿ. ಮನ್ಯಾಗ ಹಚ್ಚಿ ಮಕ್ಕೊಂತೀನಿ’ ಎಂದರು.

ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಜಾಗೃತಿ ಮೂಡಿಸುವವರು ಹಿಡಿಯಬೇಕಾದ ಎಳೆ ಇದು ಎಂದು ನನಗನ್ನಿಸುತ್ತದೆ. ಜನರಿಗೆ ಏನೂ ಗೊತ್ತಿಲ್ಲವೆಂದುಕೊಂಡು ಭಾಷಣ ಮಾಡುವುದು ಬೇಡ. ಹೊಲದಲ್ಲಿ ಗೊತ್ತಿರುವುದನ್ನು ಮನೆಯೊಳಗೆ ತಂದರೆ ಸಾಕು. ತ್ರಿಕೋನವಿಲ್ಲದೇ, ನೋಂದಣಿ ಸಂಖ್ಯೆಯಿಲ್ಲದೇ ‘ಸೊಳ್ಳೆ ಓಡಿಸುವ ಊದಿನಕಡ್ಡಿ’ ಎಂದು ಮಾರುವುದನ್ನು ಮನೆಗೆ ತರಬಾರದು. ಅದರಲ್ಲಿ ಕೀಟನಾಶಕ ಇರಬಹುದು. ಯಾವುದು, ಎಷ್ಟು ಎಂಬುದು ಮಾತ್ರ ಯಾರೂ ಪರೀಕ್ಷಿಸಿದ್ದಲ್ಲ.

ಬೀಳಗಿಯ ಕಡೆ ಹೋದಂತೆ ಆಲಮಟ್ಟಿ ಜಲಾಶಯದ ಹಿನ್ನೀರು. ಊರು ಬಿಟ್ಟು ಬಂದವರ ಪುನರ್ವಸತಿ ಕೇಂದ್ರಗಳು, ಸಾಲಾಗಿ ಕಟ್ಟಿದ ಮನೆಗಳು, ದೀಪ ಹಚ್ಚುವ ಹೊತ್ತಿಗೆ ಗುಂಗಾಡದ ದಂಡು. ಸೊಳ್ಳೆಬತ್ತಿ ಬೇಡ ಎಂದು ಹೇಳುವವರು ಒಂದು ರಾತ್ರಿ ಇಲ್ಲಿ ಮಲಗಿ ನೋಡಬೇಕು. ಆದರೆ ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನ ಲೆಕ್ಕ ಹಾಕಿತು. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ನಿನಲ್ಲಿದ್ದಾಗ ಡಾ. ಸಂದೀಪ್ ಸಾಳ್ವಿ ನೂರು ಸಿಗರೇಟು ಎಂದು ಹೇಳಿದ್ದರು. ಇಷ್ಟೆಲ್ಲ ಹೊಗೆ ಕುಡಿದರೂ ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಬತ್ತಿ ಆರಿದ ಮೇಲೆ. ಹೊಗೆಯಿಲ್ಲದ ದಾರಿ ಬೇರೆ: ನೀರಿನ ತೊಟ್ಟಿ ಮುಚ್ಚಿಡುವುದು, ಕಿಟಕಿಗೆ ಜಾಳಿಗೆ, ಹಾಸಿಗೆಗೆ ಸೊಳ್ಳೆಪರದೆ. ಪರದೆ ಕಟ್ಟಲು ನಾಲ್ಕು ಮೊಳೆ ಸಾಕು. ಇಲ್ಲಿನ ಮನೆಗಳಲ್ಲಿ ಮೊಳೆಗಳಿದ್ದವು, ಪರದೆಗಳು ಸುತ್ತಿ ಅಟ್ಟದ ಮೇಲಿದ್ದವು. ಸೆಕೆ ಎನ್ನುತ್ತಾರೆ. ಬೇಸಿಗೆಯ ಬೀಳಗಿಯಲ್ಲಿ ಆ ಮಾತು ನೆಪವಲ್ಲ.

ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಎರಡು ಮನೆ ಸುತ್ತಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸಿನ ಮನೆಗೆ ಅವರು ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನಗಳಲ್ಲಿ ಹೋಗುತ್ತಾರೆ. 2011ರಿಂದ ನಡೆದು ಬಂದ ಪದ್ಧತಿ. ತೂಕ ಹಿಡಿಯುತ್ತಾರೆ, ಜ್ವರ ನೋಡುತ್ತಾರೆ, ಹೊಕ್ಕುಳ ನೋಡುತ್ತಾರೆ, ಎದೆಹಾಲಿನ ಬಗ್ಗೆ ಕೇಳುತ್ತಾರೆ. ಆರು ಸಲ ಮನೆಯೊಳಗೆ, ನೇರ ಬಾಣಂತಿ ಕೋಣೆಯೊಳಗೆ ಕಾಲಿಡುವ ಅವಕಾಶ ಬೇರಾವ ಇಲಾಖೆಗೂ ಇಲ್ಲ. ಯಾವ ಭಿತ್ತಿಪತ್ರಕ್ಕೂ, ಯಾವ ಧ್ವನಿವರ್ಧಕದ ಗಾಡಿಗೂ ಆ ಬಾಗಿಲು ತೆರೆಯುವುದಿಲ್ಲ. ಕಟ್ಟಿಗೆ ಒಲೆಯ ಹೊಗೆಯ ಮಾತನ್ನು ಸರ್ಕಾರ ಉಜ್ವಲಾ ಯೋಜನೆಯಿಂದ ಊರೂರಿಗೆ ಮುಟ್ಟಿಸಿತು. ಬೀಡಿಯ ಹೊಗೆಯ ಮಾತನ್ನು ಸಿನಿಮಾ ಶುರುವಾಗುವ ಮೊದಲೇ ತೋರಿಸುತ್ತಾರೆ. ಲೋಬಾನದ, ಊದಿನಕಡ್ಡಿಯ, ಸೊಳ್ಳೆಬತ್ತಿಯ ಹೊಗೆಯ ಬಗ್ಗೆ ಹೀಗೆ ಊರೂರಿಗೆ ಮುಟ್ಟುವಂತೆ ಯಾರೂ ಬಾಯಿಬಿಟ್ಟಿಲ್ಲ. ಒಂದು ದೇವರದು, ಒಂದು ಕೂಸಿನದು ಎಂಬ ಸಂಕೋಚ.

ಈ ಕಾರ್ಯಕರ್ತೆಗೆ ಆ ಸಂಕೋಚ ಇರಲಿಲ್ಲ. ಮೊದಲ ಮನೆಯಲ್ಲಿ ಹೊಸಿಲು ದಾಟುತ್ತಲೇ ಮೂಗು ಏರಿಸಿ, ‘ಈಗ ಲೋಬಾನ ಹಾಕೀರೇನು?’ ಎಂದು ಕೇಳಿದರು. ಅತ್ತೆಗೆ ಸಿಟ್ಟು ಬಂತು. ನಮ್ಮ ಮನೆತನದ ಪದ್ಧತಿ, ದೃಷ್ಟಿ ತಗಲಬಾರದೆಂದು ಹಾಕುವುದು, ನೀವೇನು ಕೇಳುವುದು ಎಂದರು. ಆಶಾ ವಾದಕ್ಕಿಳಿಯಲಿಲ್ಲ. ಕೂಸಿನ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು ಉಸಿರು ಎಣಿಸತೊಡಗಿದರು, ಅತ್ತೆಗೂ ಎಣಿಸಲು ಹೇಳಿದರು. ನಿಮಿಷ ಮುಗಿಯಿತು. ಐವತ್ನಾಲ್ಕು. ‘ನಿಮ್ಮದು ಎಣಿಸೂಣೇನು?’ ಎಂದರು. ಅತ್ತೆಯದು ಹದಿನೆಂಟು.

ಆಮೇಲಿನ ಮಾತು ಸುಲಭವಾಯಿತು. ಲೋಬಾನ ಹಾಕುವುದಾದರೆ ಅಂಗಳದಲ್ಲಿ, ಕೂಸು ಒಳಗಿರುವಾಗ. ಕೂಸಿನ ಅರಿವೆಯನ್ನು ಹೊಗೆಗೆ ಹಿಡಿಯುವ ಬದಲು ಬಿಸಿಲಿಗೆ. ಶೆಗಡಿ ಒಳಗಿದ್ದರೆ ಬಾಗಿಲು ತೆರೆದೇ ಇರಬೇಕು, ಮಲಗುವ ಮೊದಲು ಅದು ಹೊರಗೆ ಹೋಗಬೇಕು. ದೇವರ ಮುಂದೆ ಎಣ್ಣೆಯ ದೀಪ, ಹೂವು. ಊದಿನಕಡ್ಡಿ ಹಚ್ಚಲೇಬೇಕೆಂದರೆ ಒಂದು, ಅದೂ ಬಾಗಿಲ ಬಳಿ. ಅತ್ತೆ ಎಲ್ಲಕ್ಕೂ ಹೂಂಗುಟ್ಟಿದರು, ಒಂದು ಶರತ್ತು ಬಿಟ್ಟು: ಅಮಾವಾಸ್ಯೆಯ ದಿನ ಮಾತ್ರ ಲೋಬಾನ ಮನೆಯೊಳಗೇ ಹಾಕುತ್ತೇನೆ. ಆಶಾ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಅವರ ಕಡೆಯಿಂದಲೂ ಒಂದು ಕರಾರಿತ್ತು: ಅವತ್ತು ಬಾಣಂತಿಯೂ ಕೂಸೂ ಸಂಜೆಯವರೆಗೆ ಪಕ್ಕದ ಮನೆಯಲ್ಲಿರಬೇಕು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ‘ಕಳಿಸ್ರಿ, ನಮ್ಮನ್ಯಾಗ ಜಗಾ ಐತಿ’ ಎಂದಳು.